ಎಸ್‌ಯುವಿಗೆ ಹೊಸ ಟೈರ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಎಸ್‌ಯುವಿಗೆ ಟೈರ್ ಬದಲಿಸುವಾಗ ಹಲವರ ಕಣ್ಣು ಮೊದಲು ಹೋಗುವುದು ಅದರ ಗತ್ತಿನ ಮೇಲೆ. ಆದರೆ ಟೈರನ್ನು ಆರಿಸಬೇಕಾದದ್ದು ಎರಡು ವಿಷಯ ನೋಡಿ: ಗಾಡಿ ಹೊರುವ ಭಾರ, ನೀವು ದಿನವೂ ಓಡಿಸುವ ರಸ್ತೆ.

ಯಾವಾಗ ಬದಲಿಸಬೇಕು?

ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಅಡ್ಡಪಟ್ಟಿಗಳಿರುತ್ತವೆ. ರಬ್ಬರ್ ಸವೆದು ಆ ಮಟ್ಟಕ್ಕೆ ಇಳಿದರೆ ಉಳಿದಿರುವ ಆಳ 1.6 ಮಿ.ಮೀ. ಮಾತ್ರ, ಕಾನೂನಿನ ಮಿತಿಯೂ ಅದೇ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿಳಿಯುವವರು ಅಲ್ಲಿಯವರೆಗೆ ಕಾಯದೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಕ್ಷೇಮ. ಗೀರು ಆಳವಿಲ್ಲದಿದ್ದರೆ ನೀರು ಹೊರಹೋಗದೆ ಟೈರ್ ಅದರ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕ್, ಸ್ಟೀರಿಂಗ್ ಎರಡೂ ಹಿಡಿತ ಕಳೆದುಕೊಳ್ಳುತ್ತವೆ.

ಅಂಕಿಗಳ ಅರ್ಥ

ಟೈರಿನ ಪಕ್ಕದಲ್ಲಿ 215/60 ಆರ್17 96ಎಚ್ ಎಂದಿದೆ ಎನ್ನಿ. 215 ಮಿ.ಮೀ. ಅದರ ಅಗಲ. ಪಕ್ಕದ ಎತ್ತರ ಆ ಅಗಲದ ಶೇ 60. ಆರ್ ಎಂದರೆ ರೇಡಿಯಲ್, 17 ಇಂಚು ರಿಮ್‌ನ ವ್ಯಾಸ. 96 ಎಂದರೆ ಒಂದು ಟೈರ್ 710 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಬಲ್ಲದು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಭಾರದ ಅಂಕಿಯ ಟೈರ್ ಬೇಡ. ಏಳು ಜನ, ಮೇಲೆ ಲಗೇಜು ಸೇರಿದಾಗ ಆ ವ್ಯತ್ಯಾಸ ಅಪಾಯ ತರುತ್ತದೆ.

ಇದೇ ಗಾಡಿಗೆ 235/60 ಆರ್17 ಹಾಕಿದರೆ ಚಕ್ರದ ವ್ಯಾಸ ಸುಮಾರು ಶೇ 3.5ರಷ್ಟು ಹೆಚ್ಚುತ್ತದೆ. ಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ, ಪಿಕಪ್ ತಗ್ಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಲೂಬಹುದು.

ನಿಮ್ಮ ರಸ್ತೆಗೆ ಯಾವುದು?

ಬೆಂಗಳೂರು–ಮೈಸೂರು ಹೆದ್ದಾರಿ, ಊರೊಳಗಿನ ಓಡಾಟವೇ ಹೆಚ್ಚಾಗಿದ್ದರೆ ಎಚ್‌ಟಿ, ಅಂದರೆ ಹೈವೇ ಟೈರ್ ಸಾಕು. ಸದ್ದು ಕಡಿಮೆ, ಮೈಲೇಜ್ ಚೆನ್ನ, ಒದ್ದೆ ಡಾಂಬರಿನಲ್ಲಿ ಹಿಡಿತ ಭದ್ರ. ಕೊಡಗು, ಚಿಕ್ಕಮಗಳೂರಿನ ತೋಟದ ಮಣ್ಣುದಾರಿ ನಿತ್ಯದ್ದಾದರೆ ಎಟಿ, ಅಂದರೆ ಆಲ್ ಟೆರೇನ್ ಬೇಕು. ಅದರ ದಪ್ಪ ರಬ್ಬರ್ ಗಟ್ಟಿಗಳು ಜಲ್ಲಿ, ಕೆಸರನ್ನು ಕಚ್ಚಿ ಹಿಡಿಯುತ್ತವೆ, ಬದಲಿಗೆ ತುಸು ಸದ್ದು ಮಾಡುತ್ತವೆ, ಹೆಚ್ಚು ಇಂಧನ ಕೇಳುತ್ತವೆ. ಎಂಟಿ, ಅಂದರೆ ಮಡ್ ಟೈರ್ ಆಳ ಕೆಸರಿಗೆ ಮೀಸಲು. ಒದ್ದೆ ಡಾಂಬರಿನಲ್ಲಿ ಅದರೊಂದಿಗೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು.

ಅಂಗಡಿಯಲ್ಲಿ

ಪಕ್ಕದಲ್ಲಿರುವ ನಾಲ್ಕಂಕಿಯ ತಯಾರಿ ಸಂಕೇತ ಓದಿ: 2324 ಎಂದರೆ 2024ರ 23ನೇ ವಾರ. ಐಎಸ್‌ಐ ಗುರುತನ್ನೂ ನೋಡಿ. ಎರಡನ್ನೇ ಬದಲಿಸುವುದಾದರೆ ಹೊಸವು ಹಿಂದಕ್ಕೆ ಹೋಗಲಿ. ಒದ್ದೆ ತಿರುವಿನಲ್ಲಿ ಹಿಂಬದಿ ಜಾರಿದರೆ ಗಾಡಿಯನ್ನು ಸಂಭಾಳಿಸುವುದು ಕಷ್ಟ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ನಾಲ್ಕೂ ಒಂದೇ ಬಗೆಯವು, ಸಮನಾಗಿ ಸವೆದವು ಇರಬೇಕು.

ಕೊನೆಗೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಹೇಳಿದಷ್ಟೇ ಗಾಳಿಯನ್ನು ಟೈರ್ ತಣ್ಣಗಿರುವಾಗ ತುಂಬಿಸಿ, ಸ್ಟೆಪ್ನಿಯನ್ನು ಮರೆಯಬೇಡಿ.