ಸಹಜೀಕೃತ ಪೌರತ್ವ: ಅರ್ಹತೆ ಮತ್ತು ಅರ್ಜಿ ಸಲ್ಲಿಸುವ ವಿಧಾನ

(ಚಾಮರಾಜನಗರ ಜಿಲ್ಲೆಯ ನಿವಾಸಿಗಳ ಮಾಹಿತಿಗಾಗಿ)

ಭಾರತದಲ್ಲಿ ದೀರ್ಘಕಾಲ ಕಾನೂನುಬದ್ಧವಾಗಿ ನೆಲೆಸಿರುವ ವಿದೇಶಿಯರು 1955ರ ಪೌರತ್ವ ಅಧಿನಿಯಮದ 6ನೇ ಪ್ರಕರಣದ ಮೇರೆಗೆ ಭಾರತದ ಪೌರತ್ವವನ್ನು ಕೋರಬಹುದು. ಇದಕ್ಕೆ ಸಹಜೀಕೃತ ಪೌರತ್ವವೆಂದು ಹೆಸರು. ಇದನ್ನು ನೀಡುವ ಅಧಿಕಾರವು ಕೇಂದ್ರ ಸರ್ಕಾರದ್ದು. ಅರ್ಜಿಯನ್ನು ಪರಿಶೀಲಿಸಿ ವರದಿ ಕಳುಹಿಸುವ ಕಾರ್ಯವು ಜಿಲ್ಲಾಧಿಕಾರಿಗಳದು. ಆದುದರಿಂದ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಗ್ರಾಮದಲ್ಲಿ ವಾಸಿಸುವವರು ಗ್ರಾಮ ಪಂಚಾಯಿತಿಯನ್ನಾಗಲಿ ತಾಲ್ಲೂಕು ಕಚೇರಿಯನ್ನಾಗಲಿ ಅಲ್ಲದೆ, ಚಾಮರಾಜನಗರದ ಜಿಲ್ಲಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

ಅರ್ಜಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅನೇಕರಿಗೆ ಈ ಅರ್ಜಿಯ ಅಗತ್ಯವೇ ಇರುವುದಿಲ್ಲ.

1. 26-1-1950ರಿಂದ 30-6-1987ರವರೆಗೆ ಭಾರತದಲ್ಲಿ ಜನಿಸಿದವರು, ತಂದೆತಾಯಿಗಳ ರಾಷ್ಟ್ರೀಯತೆ ಯಾವುದೇ ಇದ್ದರೂ, ಸಾಮಾನ್ಯವಾಗಿ ಜನ್ಮತಃ ಪೌರರು. ಇದೇ ಜಿಲ್ಲೆಯ ಒಡೆಯರಪಾಳ್ಯದ ಟಿಬೆಟನ್ ವಸತಿಯ ನಿವಾಸಿಗಳು ಈ ಅಂಶವನ್ನು ಗಮನಿಸುವುದು. ಈ ಅವಧಿಯಲ್ಲಿ ಭಾರತದಲ್ಲಿ ಜನಿಸಿದ ಟಿಬೆಟನ್ನರು ಪೌರರೆಂದು ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿಯೂ ತೀರ್ಪು ನೀಡಿವೆ.

2. 1-7-1987ರಿಂದ 2-12-2004ರವರೆಗೆ ಭಾರತದಲ್ಲಿ ಜನಿಸಿದವರ ತಂದೆ ಅಥವಾ ತಾಯಿ ಆ ಕಾಲಕ್ಕೆ ಭಾರತೀಯ ಪೌರರಾಗಿದ್ದಲ್ಲಿ, ಅವರೂ ಜನ್ಮತಃ ಪೌರರು.

3. ಭಾರತೀಯ ಪೌರರನ್ನು ವಿವಾಹವಾಗಿ ಏಳು ವರ್ಷ ಭಾರತದಲ್ಲಿ ವಾಸಿಸಿದವರು 5ನೇ ಪ್ರಕರಣದಡಿ ನೋಂದಣಿಯ ಮೂಲಕ ಪೌರತ್ವ ಕೋರಬಹುದು.

ಅರ್ಹತೆಗಳು

ಅರ್ಜಿದಾರರು ಅಕ್ರಮ ವಲಸಿಗರಾಗಿರಬಾರದು. ಅಧಿನಿಯಮದ ಮೂರನೇ ಅನುಸೂಚಿಯ ಪ್ರಕಾರ ಅವರು ಸಚ್ಚಾರಿತ್ರ್ಯವುಳ್ಳವರಾಗಿರಬೇಕು ಹಾಗೂ ಮುಂದೆಯೂ ಭಾರತದಲ್ಲಿ ನೆಲೆಸುವ ಉದ್ದೇಶ ಹೊಂದಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯಲ್ಲಿ ಸಾಕಷ್ಟು ಜ್ಞಾನವೂ ಇರಬೇಕು. ಕನ್ನಡವು ಆ ಅನುಸೂಚಿಯಲ್ಲಿರುವುದರಿಂದ, ಕನ್ನಡ ಬಲ್ಲವರಿಗೆ ಹಿಂದಿಯ ಜ್ಞಾನವು ಕಡ್ಡಾಯವಲ್ಲ.

ವಾಸದ ಅವಧಿಯ ಲೆಕ್ಕ

ಅರ್ಜಿಯ ದಿನಕ್ಕೆ ಹಿಂದಿನ 12 ತಿಂಗಳು ನಿರಂತರವಾಗಿ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಗಳಿಗೆ ಕಡಿಮೆಯಿಲ್ಲದಂತೆ ಭಾರತದಲ್ಲಿ ವಾಸಿಸಿರಬೇಕು. ಉದಾಹರಣೆಗೆ, 1-7-2026ರಂದು ಅರ್ಜಿ ಸಲ್ಲಿಸುವವರು 1-7-2025ರಿಂದ 30-6-2026ರವರೆಗೆ ನಿರಂತರವಾಗಿಯೂ, 1-7-2011ರಿಂದ 30-6-2025ರವರೆಗಿನ ಅವಧಿಯಲ್ಲಿ ಒಟ್ಟು 11 ವರ್ಷಗಳೂ ಭಾರತದಲ್ಲಿ ಇದ್ದಿರಬೇಕು. ಗುಂಡ್ಲುಪೇಟೆಯಿಂದ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗಿಬಂದರೆ ವಾಸಕ್ಕೆ ಭಂಗವಿಲ್ಲ. ಅವೂ ಭಾರತದಲ್ಲಿಯೇ ಇವೆ. ಆದರೆ ಕೊನೆಯ 12 ತಿಂಗಳಲ್ಲಿ ವಿದೇಶಕ್ಕೆ ಹೋಗಿಬಂದಲ್ಲಿ ನಿರಂತರತೆಗೆ ಭಂಗ ಬರುತ್ತದೆ. ವಿಶೇಷ ಸಂದರ್ಭಗಳಲ್ಲಿ ಮಾತ್ರ ಕೇಂದ್ರ ಸರ್ಕಾರವು ಗರಿಷ್ಠ 30 ದಿನಗಳ ವಿನಾಯಿತಿ ನೀಡಬಹುದು.

ವೀಸಾ ಅಥವಾ ವಾಸದ ಪರವಾನಗಿಯ ಅವಧಿ ಮೀರಿದ ಮೇಲೂ ಉಳಿದವರು ಅಕ್ರಮ ವಲಸಿಗರೆನಿಸುವರು. ಎಷ್ಟೇ ವರ್ಷ ವಾಸಿಸಿದ್ದರೂ ಆ ಒಂದು ಲೋಪದಿಂದ ಅರ್ಹತೆಗೆ ಧಕ್ಕೆಯುಂಟಾಗಬಹುದು. ಆದುದರಿಂದ ಪರವಾನಗಿಯನ್ನು ಅವಧಿ ಮುಗಿಯುವ ಮುನ್ನವೇ ನವೀಕರಿಸಿಕೊಳ್ಳತಕ್ಕದ್ದು. ಹಳೆಯ ಪಾಸ್‌ಪೋರ್ಟ್‌ಗಳನ್ನೂ ಪರವಾನಗಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು

ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ನಮೂನೆ 8ರಲ್ಲಿ ಅರ್ಜಿ ಭರ್ತಿ ಮಾಡಿ, ಈ ಕೆಳಗಿನವುಗಳನ್ನು ಒದಗಿಸತಕ್ಕದ್ದು:

• ಚಾಲ್ತಿಯಲ್ಲಿರುವ ವಿದೇಶಿ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಪ್ರತಿಗಳು
• ಅರ್ಜಿದಾರರ ಪ್ರಮಾಣಪತ್ರ (ಅಫಿಡವಿಟ್) ಹಾಗೂ ನಡತೆಯ ಬಗ್ಗೆ ಇಬ್ಬರು ಭಾರತೀಯ ಪೌರರ ಪ್ರಮಾಣಪತ್ರಗಳು
• ಭಾಷಾ ಜ್ಞಾನದ ಬಗ್ಗೆ ಎರಡು ದೃಢೀಕರಣ ಪತ್ರಗಳು
• ಪೌರತ್ವ ಕೋರುವ ಉದ್ದೇಶವನ್ನು ಪ್ರಕಟಿಸಿದ ಎರಡು ಪತ್ರಿಕಾ ತುಣುಕುಗಳು
• ಶುಲ್ಕ ಪಾವತಿಯ ರಸೀದಿ

ಅರ್ಜಿಯ ನಂತರ

ಜಿಲ್ಲಾಧಿಕಾರಿಗಳ ವರದಿಯು ರಾಜ್ಯ ಸರ್ಕಾರದ ಮೂಲಕ ಕೇಂದ್ರ ಸರ್ಕಾರಕ್ಕೆ ರವಾನೆಯಾಗುತ್ತದೆ. ಅರ್ಹತೆಗಳಿದ್ದ ಮಾತ್ರಕ್ಕೆ ಪೌರತ್ವವು ಹಕ್ಕಾಗಿ ದೊರೆಯುವುದಿಲ್ಲ. ಕೇಂದ್ರ ಸರ್ಕಾರದ ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ಪುನರವಲೋಕನ ಕೋರಬಹುದು.

ಅರ್ಜಿ ಅಂಗೀಕಾರವಾದಲ್ಲಿ ಮೂಲದೇಶದ ಪೌರತ್ವವನ್ನು ತ್ಯಜಿಸುವುದಾಗಿ ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕು. ಅಂಗೀಕಾರದ ತಿಳಿವಳಿಕೆ ಬರುವ ಮುನ್ನವೇ ತ್ಯಜಿಸಬಾರದು. ಹಾಗೆ ಮಾಡಿ, ಅರ್ಜಿಯೂ ತಿರಸ್ಕೃತವಾದಲ್ಲಿ ಯಾವ ದೇಶದ ಪೌರತ್ವವೂ ಇಲ್ಲದ ಸ್ಥಿತಿ ಒದಗಬಹುದು. ನಿಷ್ಠೆಯ ಪ್ರಮಾಣವಚನ ಸ್ವೀಕರಿಸಿದ ನಂತರವೇ ಪೌರತ್ವವು ಜಾರಿಗೆ ಬರುತ್ತದೆ. ಅಪ್ರಾಪ್ತ ವಯಸ್ಕ ಮಕ್ಕಳಿಗೆ ಪ್ರತ್ಯೇಕವಾಗಿ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು.

ಎಚ್ಚರಿಕೆ

ಆಧಾರ್ ಸಂಖ್ಯೆಯು ಪೌರತ್ವದ ಪುರಾವೆಯಲ್ಲ. ಪೌರತ್ವ ದೊರೆಯುವ ಮುನ್ನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಸುಳ್ಳು ಘೋಷಣೆ ನೀಡುವುದು ಶಿಕ್ಷಾರ್ಹ ಅಪರಾಧ. ಇದಕ್ಕೆ ಒಂದು ವರ್ಷದವರೆಗೆ ಕಾರಾಗೃಹವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದುದರಿಂದ ಮಧ್ಯವರ್ತಿಗಳ ಮಾತಿಗೆ ಒಳಗಾಗದೆ, ಅರ್ಜಿದಾರರು ನೇರವಾಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು.