ಹೊಳೆ ದಂಡೆಯ ಹೊಲ ಮತ್ತು ನೆರೆ

ಕೃಷ್ಣಾ ನದಿಯು ಮಹಾಬಳೇಶ್ವರದ ಬಳಿ ಹುಟ್ಟಿ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಹರಿಯುವಾಗ ದೂಧಗಂಗಾ, ಘಟಪ್ರಭಾ, ಮಲಪ್ರಭಾ ಮುಂತಾದ ನದಿಗಳನ್ನು ಕೂಡಿಸಿಕೊಳ್ಳುತ್ತದೆ. 2005 ಮತ್ತು 2019ರ ದೊಡ್ಡ ನೆರೆಗಳಲ್ಲಿ ಘಟ್ಟದ ಮಳೆಯ ನೀರೇ ಮುಖ್ಯವಾಗಿತ್ತು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಾದರೋ ಉತ್ತರ ಕರ್ನಾಟಕದ ಬಯಲಿನಲ್ಲಿಯೇ ಸುರಿದ ಮಳೆ ನೆರೆ ತಂದಿತು. ಆದುದರಿಂದ ನಮ್ಮೂರಲ್ಲಿ ಮಳೆಯಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. ನೆರೆಯನ್ನು ತಡೆಯುವುದು ಒಬ್ಬ ರೈತನ ಕೈಯಲ್ಲಿಲ್ಲ. ಆದರೆ ಹೊಲದ ಇರವನ್ನು ಅರಿತು ನಡೆದರೆ ಹಾನಿಯನ್ನು ಬಹಳಷ್ಟು ತಗ್ಗಿಸಬಹುದು.

ಹೊಳೆ ಕಟ್ಟಿದ ಹೊಲ

ರಭಸದಿಂದ ಹರಿಯುವ ನೀರು ಮರಳು, ಮಣ್ಣುಗಳನ್ನು ಹೊತ್ತು ತರುತ್ತದೆ. ದಂಡೆ ಮೀರಿ ಹರಡಿದ ಕೂಡಲೇ ಅದರ ರಭಸ ತಗ್ಗುತ್ತದೆ. ಭಾರವಾದ ಮರಳು ದಂಡೆಯ ಬಳಿಯೇ ಬೀಳುತ್ತದೆ. ನುಣುಪಾದ ಜೇಡಿಮಣ್ಣು ದೂರ ಸಾಗಿ ನಿಂತ ನೀರಿನಲ್ಲಿ ತಳ ಸೇರುತ್ತದೆ. ಹೀಗೆ ಅನೇಕ ನೆರೆಗಳು ಬಂದು ಹೋದ ಮೇಲೆ ದಂಡೆ ಎತ್ತರವಾಗಿ, ಅದರ ಹಿಂದಿನ ಭೂಮಿ ತಗ್ಗಾಗಿ ಉಳಿಯುತ್ತದೆ. ದಂಡೆಯ ಹೊಲದಿಂದ ನೀರು ಇಳಿದು ಹೋದರೂ, ನಾಲ್ಕು ಹೊಲ ಆಚೆಗೆ ಹಲವು ದಿನ ನಿಲ್ಲುವುದು ಇದರಿಂದಲೇ. ಆದಕಾರಣ ನಿಮ್ಮ ಹೊಲ ಹೊಳೆಯಿಂದ ಎಷ್ಟು ದೂರ ಎಂಬುದಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೊದಲು ನೋಡಿರಿ. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತು, ಎಷ್ಟು ದಿನ ನಿಂತಿತ್ತು ಎಂದು ಊರ ಹಿರಿಯರನ್ನು ಕೇಳಿ ಗುರುತು ಮಾಡಿಕೊಳ್ಳಿರಿ.

ಹೊಳೆಯ ತಿರುವಿನಲ್ಲಿ ನೀರು ಹೊರದಂಡೆಗೆ ಬಡಿದು ಬುಡವನ್ನು ಕೊರೆಯುತ್ತದೆ. ಒಳದಂಡೆಯಲ್ಲಿ ಮರಳು ಕೂಡುತ್ತದೆ. ನೆರೆ ಇಳಿಯುವಾಗಲೂ ಎಚ್ಚರ ಬೇಕು. ನೀರು ಕುಡಿದು ಭಾರವಾದ ದಂಡೆಗೆ ಹೊಳೆಯ ನೀರಿನ ಆಸರೆ ತಪ್ಪಿದಾಗ ಅದು ಒಮ್ಮೆಲೇ ಕುಸಿಯಬಹುದು. ಆ ದಿನಗಳಲ್ಲಿ ಪಂಪ್‌ಸೆಟ್ ನೋಡಲೆಂದು ದಂಡೆಯ ಅಂಚಿಗೆ ಹೋಗಬೇಡಿರಿ.

ಮಳೆಗಾಲಕ್ಕೆ ಮುನ್ನ

1. ದಂಡೆಯ ಅಂಚಿನವರೆಗೆ ಉಳಬೇಡಿರಿ. ಅಂಚಿನ ಪಟ್ಟಿಯನ್ನು ಬಿಟ್ಟು ಲಾವಂಚ, ಬಿದಿರು, ಹೊಂಗೆ ಬೆಳೆಸಿರಿ. ಒಂದು ಪಟ್ಟಿಯ ಬೆಳೆಯ ಆಸೆಗೆ ಇಡೀ ಹೊಲವನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

2. ದಂಡೆಯಿಂದ ಮಣ್ಣು, ಪಾತ್ರದಿಂದ ಮರಳು ತೆಗೆಯಲು ಬಿಡಬೇಡಿರಿ. ಪಾತ್ರ ಆಳವಾದಷ್ಟೂ ದಂಡೆಯ ಬುಡ ಸಡಿಲವಾಗುತ್ತದೆ.

3. ಹಳ್ಳ, ಬಸಿಗಾಲುವೆಗಳ ಹೂಳು ಮತ್ತು ಕಸವನ್ನು ನೆರೆಹೊರೆಯವರು ಕೂಡಿ ತೆಗೆಯಿರಿ. ನಿಮ್ಮ ಹೊಲವನ್ನು ಉಳಿಸಲು ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿದರೆ ಆ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ.

4. ಕಬ್ಬು ಕೆಲವು ದಿನ ನೀರನ್ನು ತಾಳಬಲ್ಲದು. ತೊಗರಿ, ಮೆಕ್ಕೆಜೋಳ, ತರಕಾರಿಗಳು ತಾಳಲಾರವು. ಇವನ್ನು ಎತ್ತರದ ಹೊಲಕ್ಕೆ ಇಡಿರಿ.

5. ದನಕರುಗಳಿಗೆ ಗಳಲೆ ಮತ್ತು ಚಪ್ಪೆಬೇನೆಯ ಲಸಿಕೆ ಹಾಕಿಸಿರಿ. ಬೀಜ, ಮೇವು, ಜಮೀನಿನ ಕಾಗದಪತ್ರಗಳನ್ನು ಎತ್ತರದಲ್ಲಿಡಿರಿ. ನೀರು ಬರುವ ಸೂಚನೆ ಸಿಕ್ಕಾಗ ದನಗಳನ್ನು ಮೊದಲೇ ಸಾಗಿಸಿರಿ. ಸಮಯ ಸಾಲದಿದ್ದರೆ ಹಗ್ಗ ಬಿಚ್ಚಿಬಿಡಿರಿ.

ನೆರೆ ಇಳಿದ ಮೇಲೆ

ನಿಂತ ನೀರಿನಲ್ಲಿ ಬೇರುಗಳಿಗೆ ಗಾಳಿ ಸಿಗುವುದಿಲ್ಲ. ಆದುದರಿಂದ ಮೊದಲ ಕೆಲಸ ನೀರನ್ನು ಬಸಿದು ಹಾಕುವುದು. ಹಸಿ ಎರೆಮಣ್ಣಿನಲ್ಲಿ ಟ್ರಾಕ್ಟರ್ ಓಡಿಸಿದರೆ ಮಣ್ಣು ಗಟ್ಟಿಯಾಗುತ್ತದೆ. ಹದ ಬರುವವರೆಗೆ ಕಾಯಿರಿ. ಸಾರಜನಕ ಕೊಚ್ಚಿಹೋಗಿ ಹಾಗೂ ಗಾಳಿಯಲ್ಲಿ ಸೇರಿಹೋಗಿ ಬೆಳೆ ಹಳದಿಯಾಗಿದ್ದರೆ, ಹದ ಬಂದ ನಂತರ ಮೇಲುಗೊಬ್ಬರ ಕೊಡಿರಿ. ನೀರಿನಲ್ಲಿ ಮುಳುಗಿ ಕೆಟ್ಟ ಕಬ್ಬನ್ನು ಬಿತ್ತನೆಗೆ ಬಳಸಬೇಡಿರಿ.

ತೆಳುವಾದ ಮೆಕ್ಕಲು ಕೂತಿದ್ದರೆ ಉಳುಮೆಯಲ್ಲಿ ಬೆರೆಸಿರಿ. ದಪ್ಪವಾಗಿ ಮರಳು ಬಿದ್ದಿದ್ದರೆ ಅದನ್ನು ತೆಗೆಯಿಸುವುದೇ ಲೇಸು. ಇದಕ್ಕೆ ಸಂಬಂಧಪಟ್ಟ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಿರಿ. ಮುಂದಿನ ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಿರಿ. ಹಾನಿಯ ಫೋಟೋ ತೆಗೆದು, ತಡಮಾಡದೆ ಕಂದಾಯ ಇಲಾಖೆಗೆ ಹಾಗೂ ವಿಮೆಯಿದ್ದರೆ ವಿಮಾ ಕಂಪನಿಗೆ ತಿಳಿಸಿರಿ.

ಈ ಫಲವತ್ತಾದ ಭೂಮಿಯನ್ನು ಕೊಟ್ಟದ್ದು ಹೊಳೆಯೇ. ಅದು ಆಗಾಗ ಬಂದು ಹೋಗುವ ದಾರಿಯನ್ನು ಬಿಟ್ಟುಕೊಟ್ಟು ಬೇಸಾಯ ಮಾಡಿದರೆ ಮನೆ, ದನ, ಬೆಳೆ ಮೂರಕ್ಕೂ ಕ್ಷೇಮ.