ಮಲೆನಾಡಿನಲ್ಲಿ ಹೊರಗಿನ ಊಟ

ಊರಿಗೊಂದು ರುಚಿ ಎಂಬ ಮಾತನ್ನು ನಂಬಿ, ರಜೆಯಲ್ಲಿ ಮಡದಿ ಮಕ್ಕಳೊಡನೆ ಮಲೆನಾಡಿಗೆ ಹೊರಡುವ ಪಟ್ಟಣಿಗನಿಗೆ ಅಲ್ಲಿ ಒಂದು ಸಣ್ಣ ನಿರಾಶೆ ಕಾದಿರುತ್ತದೆ. ಘಟ್ಟದ ತಿರುವುಗಳನ್ನು ದಾಟಿ, ಅಡಕೆ ತೋಟಗಳ ತಂಪನ್ನು ಸವಿದು, ಕೊಪ್ಪದಲ್ಲಿಯೋ ಶೃಂಗೇರಿಯಲ್ಲಿಯೋ ಹಸಿದು ಹೋಟೆಲಿನ ಮೇಜಿನ ಮುಂದೆ ಕುಳಿತಾಗ, ಮಾಣಿಯು ಒಂದೇ ಉಸಿರಿನಲ್ಲಿ ಒಪ್ಪಿಸುವ ಪಟ್ಟಿ ಯಾವುದು? ಇಡ್ಲಿ, ವಡೆ, ಮಸಾಲೆದೋಸೆ, ಪೂರಿ. ಬೆಂಗಳೂರಿನ ಬೀದಿಯ ತಿರುವಿನಲ್ಲಿಯೇ ದೊರೆಯುವ ಈ ತಿನಿಸುಗಳಿಗಾಗಿ 300 ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಸವೆಸಬೇಕಾಗಿತ್ತೆ?

ಹಾಗೆಂದು ಈ ಸೀಮೆಯ ಅಡುಗೆ ಬಡವಾದುದಲ್ಲ. ಹೋಟೆಲಿನ ಹಿಂದಣ ಓಣಿಯ ಮನೆಯಲ್ಲಿಯೇ ಒಲೆಯ ಮೇಲೆ ಪತ್ರೊಡೆ ಬೇಯುತ್ತಿರಬಹುದು. ಒಂದೆಲಗದ ತಂಬುಳಿ, ಕಳಲೆಯ ಪಲ್ಯ, ಅರಿಶಿನ ಎಲೆಯಲ್ಲಿ ಬೇಯಿಸಿದ ಕಡುಬು, ಹಲಸಿನ ಹಣ್ಣಿನ ದೋಸೆ, ಮಾವಿನ ಮಿಡಿಯ ಉಪ್ಪಿನಕಾಯಿ; ಒಕ್ಕಲಿಗರ ಮನೆಗಳಲ್ಲಿ ಕಡುಬಿಗೆ ಜೊತೆಯಾಗುವ ಕೋಳಿಸಾರು, ಮಳೆಗಾಲದ ಏಡಿಯ ಸಾರು. ಇಷ್ಟೆಲ್ಲ ಇದ್ದೂ ಇವು ಅಂಗಡಿಬೀದಿಗೆ ಇಳಿಯದೆ ಹೋದುದೇಕೆ?

ಮಾರಬಾರದ ಅನ್ನ

ಮೊದಲನೆಯ ಕಾರಣ ಹಿರಿಯರ ನಂಬಿಕೆಯಲ್ಲಿದೆ. ಅನ್ನವಿಕ್ರಯ ಪಾಪವೆಂದು ತಿಳಿದ ಕಾಲ ಅದು. ದಾರಿಹೋಕನು ಹಸಿದರೆ ಯಾವುದಾದರೊಂದು ಮನೆಯ ಜಗಲಿಯನ್ನು ಹತ್ತುತ್ತಿದ್ದನು. ಇಲ್ಲವೆ ಮಠಕ್ಕೋ ಕ್ಷೇತ್ರಕ್ಕೋ ಹೋಗುತ್ತಿದ್ದನು. ತುಂಗೆಯ ದಡದ ಶೃಂಗೇರಿಯಲ್ಲಿ ಯಾತ್ರಿಕರಿಗೆ ಇಂದಿಗೂ ಊಟ ಉಚಿತ. ಅನ್ನಪೂರ್ಣೇಶ್ವರಿಯ ಹೊರನಾಡಿನಲ್ಲಿಯೂ ಹಾಗೆಯೇ. ಊಟವನ್ನು ದೇವರೂ ಗೃಹಸ್ಥನೂ ಬಡಿಸುವ ನಾಡಿನಲ್ಲಿ ಭೋಜನಗೃಹಕ್ಕೆ ಎಡೆಯೆಲ್ಲಿ?

ಹೋಟೆಲಿನ ವಿದ್ಯೆ ನಮ್ಮಲ್ಲಿ ಬೆಳೆದುದು ಬಹುಮಟ್ಟಿಗೆ ಉಡುಪಿ ಸೀಮೆಯವರ ಕೈಯಲ್ಲಿ. ಆ ಕರಾವಳಿಯ ಪರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎಲ್ಲ ಊರಿನಲ್ಲಿಯೂ ಎಲ್ಲ ಋತುವಿನಲ್ಲಿಯೂ ಸಿಗುವ ಅಕ್ಕಿ, ಉದ್ದುಗಳಿಂದ ಅವರು ದೇಶವನ್ನು ಗೆದ್ದರು.

ಮಲೆನಾಡಿನ ಅಡುಗೆಗೆ ಈ ಗುಣವಿಲ್ಲ. ಎರಡನೆಯ ಕಾರಣ ಇದೇ. ಬಿದಿರಿನ ಎಳೆಮೊಳಕೆಯಾದ ಕಳಲೆ ಮಳೆಗಾಲದಲ್ಲಿ ಮಾತ್ರ ಏಳುತ್ತದೆ. ಹಸಿಯದರಲ್ಲಿ ಸಯನೈಡನ್ನು ಬಿಡುವ ಅಂಶವಿರುವುದರಿಂದ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನ ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲನ್ನು ತುರಿಸುತ್ತವೆ. ಅದಕ್ಕೆ ಹುಣಿಸೆಹುಳಿ ಬೇಕು, ನಿಧಾನದ ಬೇಯುವಿಕೆ ಬೇಕು, ಯಾವ ಎಲೆ ಯೋಗ್ಯವೆಂದು ಬಲ್ಲ ಕಣ್ಣೂ ಬೇಕು. ಅರ್ಧ ಗಂಟೆಯಲ್ಲಿ ಬಸ್ಸು ಹಿಡಿಯಬೇಕಾದ ಗಿರಾಕಿಗೆ ಈ ಅಡುಗೆ ಒದಗೀತೆ?

ರೋಮಿನ ಒಂದು ಜಗಳ

ಇಟಲಿಯವರು ಈ ಸಂಗತಿಯನ್ನು ಬೇರೆ ಬಗೆಯಲ್ಲಿ ನಿಭಾಯಿಸಿದರು. ಅಲ್ಲಿ ‘ಟ್ರಟ್ಟೊರಿಯ’ ಎಂಬ ಸಾದಾ ಭೋಜನಗೃಹಗಳುಂಟು. ಹೆಚ್ಚಿನೆಡೆ ಮನೆಮಂದಿಯೇ ನಡೆಸುವ ಅಂಗಡಿ. ಆ ಸೀಮೆಯದೇ ಅಡುಗೆ. ಋತುವಿಗೆ ತಕ್ಕ ನಾಲ್ಕಾರು ಪದಾರ್ಥ. 1986ರಲ್ಲಿ ರೋಮಿನ ಹೆಸರಾಂತ ಚೌಕವೊಂದರ ಬಳಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಾಲಿಟ್ಟಾಗ ಪ್ರತಿಭಟನೆ ಎದ್ದಿತು. ಕಾರ್ಲೊ ಪೆಟ್ರೀನಿ ಎಂಬ ಪತ್ರಕರ್ತರ ಮುಂದಾಳುತನದಲ್ಲಿ ಅದು ‘ಸ್ಲೋ ಫುಡ್’ ಆಂದೋಲನವಾಗಿ ಬೆಳೆದು, 1989ರಲ್ಲಿ ಪ್ಯಾರಿಸಿನಲ್ಲಿ ಅದರ ಘೋಷಣೆಗೆ ಹಲವು ದೇಶದವರು ಸಹಿ ಹಾಕಿದರು. ಅಡುಗೆಯೊಂದು ಅಳಿದರೆ ಅದರೊಡನೆ ಒಂದು ಬೆಳೆಯೂ ಅದನ್ನು ಬಲ್ಲ ಕೈಯೂ ಅಳಿಯುತ್ತವೆ ಎಂಬುದು ಆ ಆಂದೋಲನದ ತಿರುಳು.

ಈ ಮಾತು ನಮ್ಮ ಮಲೆನಾಡಿಗೆ ಎಷ್ಟು ಒಪ್ಪುತ್ತದೆ! ಮಕ್ಕಳು ಬೆಂಗಳೂರು ಸೇರಿ, ದೊಡ್ಡ ತೊಟ್ಟಿಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದಿರುವಲ್ಲಿ ಪತ್ರೊಡೆ ಯಾರಿಗಾಗಿ? ಹಿತ್ತಿಲ ಹತ್ತು ಬಗೆಯ ಸೊಪ್ಪನ್ನು ಹೆಸರು ಹಿಡಿದು ಕರೆಯಬಲ್ಲ ಅಜ್ಜಿಯ ವಿದ್ಯೆಗೆ ವಾರಸುದಾರರು ಬೇಕಲ್ಲವೆ?

ಮನೆಯೇ ಭೋಜನಗೃಹ

ಈಚಿನ ವರ್ಷಗಳಲ್ಲಿ ಒಂದು ಆಶೆ ಮೂಡಿದೆ. ಮೂರೂ ತಾಲ್ಲೂಕುಗಳಲ್ಲಿ ತೋಟದ ಮನೆಗಳು ‘ಹೋಂಸ್ಟೇ’ಗಳಾಗಿ ಅತಿಥಿಗಳಿಗೆ ಬಾಗಿಲು ತೆರೆದಿವೆ. ಮಾರಬಾರದೆಂದಿದ್ದ ಅನ್ನಕ್ಕೆ ಬೆಲೆ ಬಂದಿತೆಂದು ಹಿರಿಯರು ನಿಟ್ಟುಸಿರಿಡಬಹುದು. ಆದರೆ ಆ ಬೆಲೆಯಿಂದಲೇ ಒಲೆ ಆರದೆ ಉಳಿದಿದೆ. ಎಡೆಹಳ್ಳಿ ಎಂಬ ಹಳೆಯ ಹೆಸರಿನ ನರಸಿಂಹರಾಜಪುರದ ಸೀಮೆಯಲ್ಲಿ, ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ಮರಗೆಣಸು, ಪುಟ್ಟುಗಳೂ ಈ ನೆಲದ ಊಟವಾಗಿವೆ. ರುಚಿ ಬೆಳೆಯುವುದೂ ಹೀಗೆಯೇ.

ಅಪಾಯವೊಂದುಂಟು. ಬಂದವರೆಲ್ಲರೂ ಚಪಾತಿ, ಪನೀರನ್ನೇ ಬೇಡಿದರೆ ತೋಟದ ಮನೆಯೂ ಮತ್ತೊಂದು ಹೋಟೆಲಾದೀತು. ಬೇಸಿಗೆಯಲ್ಲಿ ಕಳಲೆಯನ್ನು ಬೇಡುವುದೂ ಅಷ್ಟೇ ಅವಿವೇಕ. ಆದುದರಿಂದ ಮಲೆನಾಡಿಗೆ ಹೊರಡುವ ಗೃಹಸ್ಥರು ಎರಡು ದಿನ ಮೊದಲೇ ಸುದ್ದಿ ಮುಟ್ಟಿಸಲಿ. ಹೋದಾಗ “ಏನೇನಿದೆ?” ಎಂದು ಕೇಳುವ ಬದಲು “ಈಗ ಹಿತ್ತಿಲಲ್ಲಿ ಏನಿದೆ?” ಎಂದು ಕೇಳಲಿ. ಮಕ್ಕಳು ತಂಬುಳಿಯನ್ನು ಕಂಡು ಮೂಗು ಮುರಿದರೆ ಬೈಯಬೇಡಿ. ಬಡಿಸಿದ ತಾಯಿಯೊಡನೆ ಹಿತ್ತಿಲಿಗೆ ಕಳುಹಿ, ಆ ಎಲೆಯನ್ನು ಅವರೇ ಕಿತ್ತು ತರಲಿ. ಮರುದಿನ ಬೆಳಗ್ಗೆ ಅದೇ ಎಲೆಯ ಚಟ್ನಿ ಅವರ ದೋಸೆಗೆ ರುಚಿಸಿದರೂ ರುಚಿಸೀತು.